ಬಣ್ಣಕ್ಕೂ ಮೊದಲು ಗಾಜಿನ ಪುಡಿ

ಗೇಟಿನ ಬಣ್ಣ ಎರಡೇ ಮಳೆಗಾಲಕ್ಕೆ ಗುಳ್ಳೆಯೆದ್ದು ಉದುರಿದರೆ ನಾವು ಬಯ್ಯುವುದು ಬಣ್ಣದ ಕಂಪನಿಯನ್ನು. ಆದರೆ ತಪ್ಪು ಬಹಳ ಸಲ ಬಣ್ಣದ ಅಡಿಯಲ್ಲಿರುತ್ತದೆ. ತುಕ್ಕು, ಎಣ್ಣೆ ಜಿಡ್ಡು, ಕಣ್ಣಿಗೆ ಕಾಣದ ಉಪ್ಪು ಉಳಿದ ಉಕ್ಕಿನ ಮೇಲೆ ಎಂಥ ದುಬಾರಿ ಬಣ್ಣವೂ ಕಚ್ಚಿ ನಿಲ್ಲುವುದಿಲ್ಲ. ಹೊಸ ಉಕ್ಕಿನದೂ ಅದೇ ಕತೆ. ಕಾಯಿಸಿ ತಗಡು ಮಾಡುವಾಗ ಮೈಮೇಲೆ ಕೂರುವ ನೀಲಿಗಪ್ಪು ಪೊರೆ, ಅಂದರೆ ಮಿಲ್ ಸ್ಕೇಲ್, ಮುಂದೆ ಬಿರುಕುಬಿಟ್ಟು ಬಣ್ಣವನ್ನೂ ಎಬ್ಬಿಸಿಕೊಂಡು ಹೋಗುತ್ತದೆ.

ಈ ತುಕ್ಕು, ಪೊರೆಗಳನ್ನು ಕಿತ್ತುಹಾಕುವ ಕೆಲಸಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಕಂಪ್ರೆಸರ್ ಗಾಳಿಯ ಒತ್ತಡದಲ್ಲಿ ಒರಟು ಪುಡಿಯನ್ನು ನಾಝಲ್ ಮೂಲಕ ಉಕ್ಕಿಗೆ ಹೊಡೆಯುತ್ತಾರೆ. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಆಗ ಬಳಸುತ್ತಿದ್ದುದು ಮರಳು. ಅದಕ್ಕೆ ಬೆಲೆ ತೆತ್ತವರು ನಾಝಲ್ ಹಿಡಿದವರು. ಮರಳಿನ ಕಣ ಬಡಿದು ಒಡೆದಾಗ ಏಳುವ ಸ್ಫಟಿಕ ಸಿಲಿಕಾ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಅದನ್ನು ಗಟ್ಟಿಯಾಗಿಸುತ್ತದೆ. ಈ ಸಿಲಿಕೋಸಿಸ್‌ ಗುಣವಾಗುವ ಕಾಯಿಲೆಯಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಬ್ಲಾಸ್ಟಿಂಗ್‌ಗೆ ಮರಳು ಬಳಸುವುದನ್ನು ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು.

ಮರಳಿನ ಜಾಗಕ್ಕೆ ತಾಮ್ರದ ಕಿಟ್ಟ ಬಂತು, ಗಾರ್ನೆಟ್ ಬಂತು, ಉಕ್ಕಿನ ಹರಳು ಬಂತು. ಆ ಸಾಲಿನಲ್ಲಿ ಈಗ ಒಡೆದ ಬಾಟಲಿಯೂ ಸೇರಿದೆ. ಗುಜರಿ ಗಾಜಿನಿಂದ ಮುಚ್ಚಳ, ಲೇಬಲ್, ಪಿಂಗಾಣಿ ಚೂರು ಬೇರ್ಪಡಿಸಿ, ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ದಪ್ಪ, ನಡುದಪ್ಪ, ಸಣ್ಣ ಎಂದು ವಿಂಗಡಿಸುತ್ತಾರೆ.

ಗಾಜು ಆಗುವುದೂ ಮರಳಿನಿಂದಲೇ ಅಲ್ಲವೇ, ಅಪಾಯ ಹೇಗೆ ತಪ್ಪಿತು? ಉತ್ತರ ಕುಲುಮೆಯಲ್ಲಿದೆ. ಮರಳು ಕರಗಿ ಗಾಜಾಗುವಾಗ ಸಿಲಿಕಾದ ಹರಳಿನ ಕಟ್ಟು ಕಳಚಿಹೋಗುತ್ತದೆ. ಶ್ವಾಸಕೋಶವನ್ನು ಕೆಡಿಸುವ ಸ್ಫಟಿಕ ಸಿಲಿಕಾ ಒಳ್ಳೆಯ ಗಾಜಿನ ಪುಡಿಯಲ್ಲಿ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಹಾಗೆಂದು ಮುಖಗವಸು ಬಿಡುವಂತಿಲ್ಲ. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಆ ಧೂಳೂ ವಿಷವೇ. ಹೊರಗಿನಿಂದ ಶುದ್ಧ ಗಾಳಿ ಬರುವ ಹೆಲ್ಮೆಟ್ ಇಲ್ಲದೆ ಯಾರೂ ನಾಝಲ್ ಹಿಡಿಯಬಾರದು.

ಬ್ಲಾಸ್ಟಿಂಗ್ ಮುಗಿದ ಉಕ್ಕು ಬೂದಿಬಿಳುಪಿಗೆ ತಿರುಗುತ್ತದೆ. ಬೆರಳಾಡಿಸಿದರೆ ನಯವಾದ ಉಪ್ಪುಕಾಗದದಂತೆ ತರಿತರಿ. (ಬೆರಳಿನ ಜಿಡ್ಡೂ ಬಣ್ಣಕ್ಕೆ ಶತ್ರು, ಹಾಗಾಗಿ ಕೈಗವಸು ಬೇಕು.) ಬಣ್ಣ ಹಿಡಿದು ನಿಲ್ಲುವುದು ಈ ತರಿಯಲ್ಲೇ. ಹಲವು ಎಪಾಕ್ಸಿ ಬಣ್ಣಗಳಿಗೆ 50ರಿಂದ 75 ಮೈಕ್ರಾನ್ ಆಳದ ತರಿ ಕೇಳುತ್ತಾರೆ. ಎಷ್ಟು ಸ್ವಚ್ಛವಾಗಿರಬೇಕು ಎಂಬುದಕ್ಕೂ ಅಳತೆಯಿದೆ. ಐಎಸ್‌ಒ 8501-1 ಮಾನದಂಡದ ‘ಎಸ್‌ಎ 2½’ ದರ್ಜೆಯಲ್ಲಿ ಚುಕ್ಕೆ ಅಥವಾ ಗೆರೆಯಂಥ ನಸು ಕಲೆಗಳಿಗಿಂತ ಹೆಚ್ಚಿನದು ಉಳಿಯುವಂತಿಲ್ಲ. ಬಳಿಕ ಅಂಟುಟೇಪು ಒತ್ತಿ ಧೂಳು ನೋಡುತ್ತಾರೆ, ಉಪ್ಪಿನಂಶ ಅಳೆಯುತ್ತಾರೆ. ಉಕ್ಕಿನ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿದ್ದರೆ ಮಾತ್ರ ಪ್ರೈಮರ್. ತಡಮಾಡಿದರೆ, ಅದರಲ್ಲೂ ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಿನಲ್ಲಿ, ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಏಳುತ್ತದೆ.

ಇಷ್ಟು ಪಾಡುಪಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಸಾಕ್ಷಿ. 1890ರಲ್ಲಿ ತೆರೆದ ಈ ಸೇತುವೆಗೆ ಬಣ್ಣ ಬಳಿಯುವ ಕೆಲಸ ಎಂದೂ ಮುಗಿಯದ್ದು ಎಂಬ ಮಾತೇ ಇಂಗ್ಲಿಷಿನಲ್ಲಿ ಗಾದೆಯಂತಾಗಿತ್ತು. 2002ರಲ್ಲಿ ಶುರುವಾದ ಕಾಮಗಾರಿಯಲ್ಲಿ ಪದರಪದರವಾಗಿದ್ದ ಹಳೆ ಬಣ್ಣವನ್ನು ಬ್ಲಾಸ್ಟಿಂಗ್‌ನಿಂದ ಉಕ್ಕಿನವರೆಗೂ ಕಿತ್ತು ಮೂರು ಕೋಟ್ ಹೊಸ ಬಣ್ಣ ಕೊಟ್ಟರು. 2011ರ ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಆ ಬಣ್ಣ ಕನಿಷ್ಠ 25 ವರ್ಷ ಬಾಳುತ್ತದೆಂಬುದು ಎಂಜಿನಿಯರುಗಳ ಲೆಕ್ಕ.

ಎಲ್ಲ ಕೆಲಸಕ್ಕೂ ಗಾಜು ಹೊಂದುವುದಿಲ್ಲ. ಅದು ಬಡಿದೊಡನೆ ಒಡೆಯುವುದರಿಂದ ಸಾಮಾನ್ಯವಾಗಿ ಒಂದೇ ಬಳಕೆ. ಮುಚ್ಚಿದ ಕೋಣೆಯಲ್ಲಾದರೆ ಮತ್ತೆ ಮತ್ತೆ ಬಳಸಬಹುದಾದ ಉಕ್ಕಿನ ಹರಳೇ ಮೇಲು. ಆದರೆ ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಮೇಲೆ ಕಬ್ಬಿಣದ ಕಣ ಉಳಿಸಿ ತುಕ್ಕಿನ ಕಲೆ ಎಬ್ಬಿಸದಿರುವುದು ಗಾಜಿನ ದೊಡ್ಡ ಗುಣ.

ಶೆಡ್ಡು, ಟ್ಯಾಂಕು, ಸೇತುವೆಯ ಬಣ್ಣಕ್ಕೆ ಟೆಂಡರ್ ಕರೆಯುವವರು ಬಣ್ಣದ ಬ್ರ್ಯಾಂಡಿಗಿಂತ ಮೊದಲು ಎರಡು ಸಾಲು ಬರೆಯಲಿ: ಯಾವ ದರ್ಜೆಗೆ ಉಕ್ಕು ಸ್ವಚ್ಛವಾಗಬೇಕು ಎಂಬುದು ಒಂದು, ಮರಳು ಬಳಸಕೂಡದು ಎಂಬುದು ಇನ್ನೊಂದು.