ಗಡ್ಡಪ್ಪನಿಗೆ ಶಿಳ್ಳೆ, ತಮ್ಮಣ್ಣನಿಗೆ ಮೌನ!

ಹುಣಸೂರು ಬಸ್‌ಸ್ಟ್ಯಾಂಡಿನ ಟೀ ಅಂಗಡೀಲಿ ‘ತಿಥಿ’ ಮಾತೆತ್ತಿ ನೋಡಿ ಸ್ವಾಮಿ... ಟೀ ಆರಿಹೋಗುತ್ತೆ, ವಾದ ಆರೋಲ್ಲ!

ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು, 2016ರ ಮೇನಲ್ಲಿ ನಮ್ಮ ತೆರೆಗೆ ಬಂತು. ಸ್ಟಾರ್ ಇಲ್ಲ, ಫೈಟಿಲ್ಲ, ಡ್ಯುಯೆಟ್ಟಿಲ್ಲ. ಮಂಡ್ಯ ಸೀಮೆಯ ಹಳ್ಳಿ ಜನರೇ ಪಾತ್ರಧಾರಿಗಳು!

101 ವರ್ಷದ ಸೆಂಚುರಿ ಗೌಡ ಸತ್ತ. 11ನೇ ದಿನ ತಿಥಿ. ಮಗ ಗಡ್ಡಪ್ಪನಿಗೆ ಬ್ರಾಂದಿ, ಬೀಡಿ, ಅಲೆದಾಟ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಆತುರ. ಒಪ್ಪದ ಅಪ್ಪನನ್ನ ಕಾಗದದಲ್ಲೇ ಸಾಯಿಸಿಬಿಡ್ತಾನೆ! ಮರಿಮಗ ಅಭಿ ಕುರಿ ಕಾಯೋ ಹುಡುಗಿ ಹಿಂದೆ.

ಕೆ.ಆರ್. ನಗರದ ಪಡ್ಡೆಗಳಿಗೆ ಗಡ್ಡಪ್ಪನೇ ಹೀರೊ. ‘ಯಾರಿಗೂ ಕೇರ್ ಮಾಡಲ್ಲ ಕಣಣ್ಣ’ ಅಂತಾರೆ. ಎಚ್.ಡಿ. ಕೋಟೆಯ ಹಿರಿಯರೊಬ್ಬರಿಗೆ ಮಾತ್ರ ಸಿಟ್ಟು, ಸಾವಿನ ಮನೇಲಿ ತಮಾಷೆಯಾ ಅಂತ. ಬುಡಿ ಯಜಮಾನ್ರೇ, ತಿಥಿಗೆ ನಾವು ಹೋಗೋದು ಬಾಡೂಟಕ್ಕಲ್ವಾ?

ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರನೊಬ್ಬ ನಗಲೇ ಇಲ್ಲ. ‘ನಮ್ ಪಹಣಿ ಇನ್ನೂ ತಾತನ ಹೆಸರಲ್ಲೈತೆ. ಪೌತಿ ಖಾತೆಗೆ ದೊಡ್ಡಪ್ಪ ಒಪ್ಪಲ್ಲ. ತಮ್ಮಣ್ಣ ಮಾಡಿದ್ದು ತಪ್ಪೇಯ... ಬಡ್ಡಿಯೋರು ಬಾಗಿಲಿಗೆ ಬಂದ್ರೆ ಏನ್ಮಾಡಾನ?’

ನನ್ನ ಓಟೂ ಇವನಿಗೇ. ಗಡ್ಡಪ್ಪನಿಗೆ ಶಿಳ್ಳೆ ಹೊಡೆಯೋರು ಒಂದು ಮರೀತಾರೆ: ಕುರಿಗಾಹಿಗಳ ಬೆಂಕಿ ಮುಂದೆ ಕೂತು, ತನ್ನ ಅಪ್ಪ ತನ್ನ ಸಂಸಾರಕ್ಕೇ ಬಗೆದ ದ್ರೋಹ ಹೇಳ್ತಾನಲ್ಲ, ಆ ದೃಶ್ಯ. ಕೇರ್ ಇಲ್ಲದೋನ ಮಾತಾ ಅದು? ಕೆ.ಆರ್. ನಗರದ ಹುಡುಗರನ್ನ ಕೇಳಿದೆ.

‘ಆ ಸೀನ್ ಬ್ಯಾಡ ಬುಡಣ್ಣ’ ಅಂದವನು ಬಸ್ ಬಂತಾ ಅಂತ ಅತ್ತ ನೋಡಿದ.