ಗುರುವಿನ ಮೋಡಗಳು: ಹವ್ಯಾಸಿಯೊಬ್ಬರ ಅಳತೆ, ಹಳೆಯ ಪಾಠದ ತಿದ್ದುಪಡಿ

ದೂರದರ್ಶಕದಲ್ಲಿ ಗುರುಗ್ರಹವನ್ನು ನೋಡಿದವರಿಗೆ ಅದರ ಬಿಳಿ ಮತ್ತು ಕಂದು ಪಟ್ಟೆಗಳು ಪರಿಚಿತ. ಕಾಲೂರಲು ನೆಲವೇ ಇಲ್ಲದ ಆ ಗ್ರಹದಲ್ಲಿ ಕಾಣುವುದೆಲ್ಲವೂ ಮೋಡ ಮತ್ತು ಮಬ್ಬು. ಮೇಲ್ಭಾಗದ ಮೋಡಗಳು ಅಮೋನಿಯಾ ಹಿಮದಿಂದಾದವು ಎಂದೇ ಪಠ್ಯಪುಸ್ತಕಗಳು ದಶಕಗಳಿಂದ ಹೇಳುತ್ತ ಬಂದಿವೆ.

ಆ ಮಾತಿಗೆ ಆಧಾರವಿಲ್ಲದಿರಲಿಲ್ಲ. ಮೇಲೇರಿದಂತೆ ವಾಯುಮಂಡಲ ತಣ್ಣಗಾಗುತ್ತದೆ. ಒಂದೊಂದು ಆವಿಯೂ ತನ್ನದೇ ಎತ್ತರದಲ್ಲಿ ಘನೀಭವಿಸುತ್ತದೆ. ಆ ಲೆಕ್ಕದಂತೆ ತಳದಲ್ಲಿ ನೀರಿನ ಮೋಡ, ನಡುವೆ ಅಮೋನಿಯಂ ಹೈಡ್ರೋಸಲ್ಫೈಡ್, ಭೂಮಿಯ ಮೇಲ್ಮೈ ಒತ್ತಡದ ಸುಮಾರು 0.7 ಪಾಲು ಇರುವ ಮಟ್ಟದಲ್ಲಿ ಅಮೋನಿಯಾ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ಗುರುವಿನೊಳಗೆ ಇಳಿಯಿತಾದರೂ, ಅದು ಹೊಕ್ಕ ಜಾಗದಲ್ಲಿ ಮೋಡಗಳೇ ವಿರಳವಾಗಿದ್ದವು. ಪ್ರಶ್ನೆ ಹಾಗೆಯೇ ಉಳಿಯಿತು.

ಅದನ್ನು ಮತ್ತೆ ಎತ್ತಿದವರು ಅಮೆರಿಕದ ಕೊಲೊರಾಡೊದ ಹವ್ಯಾಸಿ ಖಗೋಳವೀಕ್ಷಕ ಸ್ಟೀವನ್ ಹಿಲ್. ಅವರ ಸಲಕರಣೆ ಮಾರುಕಟ್ಟೆಯಲ್ಲಿ ದೊರೆಯುವ ದೂರದರ್ಶಕ ಮತ್ತು ಕೆಲವು ಬಣ್ಣದ ಶೋಧಕಗಳು. ಮೀಥೇನ್ ಮತ್ತು ಅಮೋನಿಯಾ ಎರಡೂ ಕೆಂಪು ಬೆಳಕಿನ ನಿರ್ದಿಷ್ಟ ಅಲೆಗಳನ್ನು ಹೀರುತ್ತವೆ. ಗುರುವಿನಲ್ಲಿ ಮೀಥೇನ್ ಘನೀಭವಿಸದೆ ಸಮನಾಗಿ ಬೆರೆತಿರುವುದರಿಂದ, ಅದು ಹೀರಿದ ಪ್ರಮಾಣವು ಬೆಳಕು ಎಷ್ಟು ಆಳಕ್ಕೆ ಹೋಗಿ ಮರಳಿತೆಂಬುದನ್ನು ತಿಳಿಸುತ್ತದೆ. ಅದರೊಡನೆ ಹೋಲಿಸಿದರೆ ಅಮೋನಿಯಾದ ಹಂಚಿಕೆಯೂ ತಿಳಿಯುತ್ತದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು ಇದೇ ವಿಧಾನವನ್ನು ಚಿಲಿ ದೇಶದ ಬೃಹತ್ ದೂರದರ್ಶಕದ ದತ್ತಾಂಶಗಳಿಗೆ ಅನ್ವಯಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿದೆ: ಬೆಳಕನ್ನು ಪ್ರತಿಫಲಿಸುವ ಮುಖ್ಯ ಪದರವಿರುವುದು ಒತ್ತಡ ಭೂಮಿಯದಕ್ಕಿಂತ ಎರಡು ಮೂರು ಪಟ್ಟು ಇರುವ ಆಳದಲ್ಲಿ. ಅಲ್ಲಿನ ಶಾಖದಲ್ಲಿ ಅಮೋನಿಯಾ ಹೆಪ್ಪುಗಟ್ಟಲಾರದು. ಆದ್ದರಿಂದ ಕಾಣುವ ಮೋಡಗಳು ಬಹುಮಟ್ಟಿಗೆ ಅಮೋನಿಯಂ ಹೈಡ್ರೋಸಲ್ಫೈಡ್ ಆಗಿದ್ದು, ಸೂರ್ಯನ ಬೆಳಕು ಅನಿಲಗಳನ್ನು ಒಡೆದು ಹುಟ್ಟಿಸುವ ಹೊಗೆಯಂಥ ಮಬ್ಬಿನೊಡನೆ ಬೆರೆತಿರಬೇಕು. ಅಮೋನಿಯಾ ಗಟ್ಟಿಯಾಗುವ ಮುನ್ನವೇ ಈ ಬೆಳಕಿನ ರಸಾಯನಕ್ರಿಯೆ ಅದನ್ನು ಒಡೆಯುತ್ತಿರಬಹುದು. ತೇವಭರಿತ ಅನಿಲ ರಭಸದಿಂದ ಮೇಲೇರುವ ಕೆಲವೆಡೆ ಮಾತ್ರ ಶುದ್ಧ ಅಮೋನಿಯಾ ಹಿಮ ಅಲ್ಪಕಾಲ ಕಾಣಿಸಿಕೊಳ್ಳುತ್ತದೆ. ಶನಿಗ್ರಹದಲ್ಲೂ ಇದೇ ಬಗೆಯ ಸ್ಥಿತಿ ಕಂಡುಬಂದಿದೆ.

ಬೃಹತ್ ದೂರದರ್ಶಕಗಳಲ್ಲಿ ಒಂದು ಗ್ರಹಕ್ಕೆ ದೊರೆಯುವ ಸಮಯ ಅತ್ಯಲ್ಪ. ಗುರುವಿನ ಹವೆಯಾದರೋ ದಿನದಿನಕ್ಕೂ ಬದಲಾಗುವಂಥದು. ಅಲ್ಲಿನ ಅಮೋನಿಯಾದ ನಕ್ಷೆಯನ್ನು ರಾತ್ರಿ ರಾತ್ರಿಯೂ ಬರೆದಿಡುವ ಕೆಲಸ ಇನ್ನು ಮನೆಯಂಗಳದ ಸಣ್ಣ ದೂರದರ್ಶಕಗಳಿಂದಲೂ ಸಾಧ್ಯ.