ಲಾಂಛನ ಹೇಳುವ ಗುರುತು

ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರಿಗೆ ಬಂದ ವಿದ್ಯಾರ್ಥಿಗಳು ಅಲ್ಲಿಯ ಕೋಟೆಯನ್ನು ನೋಡದೆ ಹಿಂದಿರುಗುವುದು ವಿರಳ. ಆ ಕೋಟೆಯೊಳಗೆ ತಖ್ತ್ ಮಹಲ್ ಎಂಬ ಅರಮನೆಯ ಅವಶೇಷವಿದೆ. ಛಾವಣಿ ಬಿದ್ದು ಹೋಗಿದೆ. ಗೋಡೆಗಳನ್ನು ಮುಚ್ಚಿದ್ದ ಬಣ್ಣದ ಹೆಂಚುಗಳಲ್ಲಿ ಬಹುಪಾಲು ಉದುರಿವೆ. ಆದರೂ ಕಮಾನಿನ ಮೂಲೆಯತ್ತ ಕಣ್ಣೆತ್ತಿದರೆ ಒಂದು ವಿಚಿತ್ರ ರೂಪ ಕಾಣುತ್ತದೆ. ಸಿಂಹವೆಂದು ಕೆಲವರೂ ಹುಲಿಯೆಂದು ಕೆಲವರೂ ಹೇಳಿರುವ ಒಂದು ಮೃಗ. ಅದರ ಬೆನ್ನಿನ ಹಿಂದೆ ಉದಯಿಸುತ್ತಿರುವ ಸೂರ್ಯ. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರಿನ ಬೃಹದ್ಗ್ರಂಥದಲ್ಲಿ ಈ ಚಿಹ್ನೆಯನ್ನು ವಿಶೇಷವಾಗಿ ಗಮನಿಸಿದ್ದಾರೆ.

ಸಿಂಹ ಮತ್ತು ಸೂರ್ಯರ ಜೋಡಿ ಈ ನೆಲದಲ್ಲಿ ಹುಟ್ಟಿದ್ದಲ್ಲ. ಸೂರ್ಯನು ಸಿಂಹರಾಶಿಯಲ್ಲಿರುವ ಸ್ಥಿತಿಯನ್ನು ಸೂಚಿಸುವ ಈ ರೂಪವನ್ನು ಹದಿಮೂರನೆಯ ಶತಮಾನದ ಸೆಲ್ಜುಕ್ ದೊರೆಗಳ ನಾಣ್ಯಗಳಲ್ಲಿ ಕಾಣಬಹುದು. ಮುಂದೆ ಅದು ಇರಾನಿನ ರಾಜಚಿಹ್ನೆಯಾಗಿ ಬೆಳೆಯಿತು. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಷಾ ವಲಿ 1436ರಲ್ಲಿ ತೀರಿಕೊಂಡನು. ಅವನ ಆಸ್ಥಾನಕ್ಕೆ ಇರಾನಿನ ಕಿರ್ಮಾನ್ ಪ್ರಾಂತದ ಸಂತ ಷಾ ನಿಯಾಮತುಲ್ಲಾನ ವಂಶಸ್ಥರು ಬಂದು ನೆಲೆಸಿದ್ದರು. ಆ ದೇಶದ ಕಡೆಗೆ ಈ ಅರಸುಮನೆ ಮುಖ ಮಾಡಿತ್ತೆಂಬುದನ್ನು ಗ್ರಂಥಗಳು ಹೇಳುವಂತೆಯೇ ಕಮಾನಿನ ಮೂಲೆಯ ಆ ಮೃಗವೂ ಹೇಳುತ್ತದೆ. ಅಲ್ಲಿ ಯಾರ ಮುಖವೂ ಇಲ್ಲ, ಹೆಸರೂ ಇಲ್ಲ; ಗುರುತು ಮಾತ್ರ ಇದೆ.

ಇಂತಹ ಗುರುತುಗಳಿಗೆ ನಮ್ಮಲ್ಲಿ ಲಾಂಛನವೆಂದು ಹೆಸರು. ಕಲ್ಯಾಣದ ಚಾಲುಕ್ಯರದು ವರಾಹ, ಅವರಿಗಿಂತ ಮೊದಲಿನ ರಾಷ್ಟ್ರಕೂಟರದು ಗರುಡ, ಬಿಜ್ಜಳನ ಕಳಚುರಿ ವಂಶದ ಧ್ವಜದ ಮೇಲೆ ವೃಷಭ. ಮಣ್ಣಿನಡಿಯಿಂದ ತಾಮ್ರಪಟವೊಂದು ದೊರೆತಾಗ, ಅಕ್ಷರಗಳು ಎಷ್ಟೇ ಸವೆದಿರಲಿ, ಬಳೆಯ ಮೇಲಿನ ಮುದ್ರೆಯಲ್ಲಿ ವರಾಹ ಕಂಡರೆ ಸಂಶೋಧಕನ ದೃಷ್ಟಿ ಮೊದಲು ಚಾಲುಕ್ಯರ ಕಡೆಗೆ ಹೊರಳುತ್ತದೆ. ಆದರೆ ಒಂದು ಮಿತಿಯನ್ನು ಇಲ್ಲಿ ಗಮನಿಸಬೇಕು. ವರಾಹವು ಮನೆತನವನ್ನು ಹೇಳುತ್ತದೆಯೇ ಹೊರತು ಆ ಮನೆತನದ ಯಾವ ಅರಸನೆಂಬುದನ್ನು ಹೇಳುವುದಿಲ್ಲ.

ಯೂರೋಪಿನಲ್ಲಿ ಇದೇ ಪದ್ಧತಿ ಬೇರೊಂದು ದಾರಿ ಹಿಡಿಯಿತು. ಹನ್ನೆರಡನೆಯ ಶತಮಾನದಿಂದ ಅಲ್ಲಿಯ ಯೋಧರು ತಮ್ಮ ಗುರಾಣಿಗಳ ಮೇಲೆ ನಿಶ್ಚಿತ ಬಣ್ಣಗಳನ್ನೂ ರೂಪಗಳನ್ನೂ ಬರೆಸತೊಡಗಿದರು. ಕಾಲಕ್ರಮದಲ್ಲಿ ಅದು ತಂದೆಯಿಂದ ಮಗನಿಗೆ ಇಳಿಯುವ ಆಸ್ತಿಯಾಯಿತು; ಅದರ ನಿಯಮಗಳನ್ನು ಕಾಯಲು ಅಧಿಕಾರಿಗಳೂ ನೇಮಕವಾದರು. ಇಂಗ್ಲೆಂಡಿನ ಪದ್ಧತಿಯಲ್ಲಿ ತಂದೆ ಬದುಕಿರುವಾಗ ಹಿರಿಯ ಮಗನು ಅದೇ ಗುರಾಣಿಯ ಮೇಲ್ಭಾಗದಲ್ಲಿ ಮೂರು ಎಳೆ ಇಳಿಬಿದ್ದ ತೋರಣದಂತಹ ಒಂದು ಪಟ್ಟಿಯನ್ನು ಸೇರಿಸಿಕೊಳ್ಳುತ್ತಿದ್ದನು. ತಂದೆ ತೀರಿದ ಮೇಲೆ ಆ ಪಟ್ಟಿ ಹೋಗುತ್ತಿತ್ತು. ವಿವಾಹವಾದಾಗ ಗುರಾಣಿಯನ್ನು ಉದ್ದಕ್ಕೆ ಸೀಳಿ ಒಂದು ಪಾಲಿನಲ್ಲಿ ಗಂಡನ ಮನೆತನದ, ಇನ್ನೊಂದರಲ್ಲಿ ಹೆಂಡತಿಯ ತವರಿನ ಚಿಹ್ನೆಗಳನ್ನು ಬರೆಯುತ್ತಿದ್ದರು. ವಿಧವೆಗೂ ಅವಿವಾಹಿತೆಗೂ ಗುರಾಣಿಯ ಬದಲು ವಜ್ರಾಕೃತಿಯ ಫಲಕ.

ಇದರ ಪ್ರಯೋಜನವನ್ನು ಊಹಿಸಿ ನೋಡಿ. ಹೆಸರಿಲ್ಲದ ಹಳೆಯ ಭಾವಚಿತ್ರವೊಂದು ದೊರೆತಿದೆ; ಮೂಲೆಯಲ್ಲಿ ಇಬ್ಭಾಗವಾದ ಒಂದು ಗುರಾಣಿ. ಎಡಪಾಲಿನ ಚಿಹ್ನೆ ಯಾವ ಮನೆತನದ್ದು, ಬಲಪಾಲಿನದು ಯಾವುದು ಎಂದು ತಿಳಿದೊಡನೆ, ಈ ಎರಡು ಮನೆತನಗಳ ನಡುವೆ ನಡೆದ ವಿವಾಹಗಳನ್ನು ವಂಶಾವಳಿಯಲ್ಲಿ ಹುಡುಕಿದರೆ ಸಾಕು. ಸಾವಿರ ಜನರಲ್ಲಿ ಉಳಿಯುವವರು ಒಬ್ಬರೋ ಇಬ್ಬರೋ. ಉಡುಪಿನ ಕಾಲ ಹೊಂದಿಕೆಯಾದರೆ ಹೆಸರು ದೊರೆತಂತೆಯೇ. ಆದರೂ ಅನುಭವಿಗಳು ಅವಸರಪಡುವುದಿಲ್ಲ. ಗುರಾಣಿಯ ಬಣ್ಣ ಚಿತ್ರದ ಬಣ್ಣದಷ್ಟೇ ಹಳೆಯದೇ ಎಂದು ಮೊದಲು ಪರೀಕ್ಷಿಸುತ್ತಾರೆ. ಕೊಂಡ ಚಿತ್ರಕ್ಕೆ ತಮ್ಮ ಮನೆತನದ ಗುರಾಣಿಯನ್ನು ಬರೆಸಿ, ಯಾರದೋ ಮುತ್ತಜ್ಜನನ್ನು ತಮ್ಮ ಮುತ್ತಜ್ಜನನ್ನಾಗಿ ಮಾಡಿಕೊಂಡ ಧನಿಕರು ಎಲ್ಲ ಕಾಲದಲ್ಲಿಯೂ ಇರುತ್ತಾರೆ!

ಗುರಾಣಿಯ ಆಕಾರದ ಈ ಲಾಂಛನ ಭಾರತದ ಸಂಸ್ಥಾನಗಳಲ್ಲಿ ವ್ಯಾಪಕವಾಗಿ ಹರಡಿದ್ದು 1877ರ ದೆಹಲಿ ದರ್ಬಾರಿನಿಂದ. ಅಂದು ಬಂಗಾಳದ ಅಧಿಕಾರಿ ರಾಬರ್ಟ್ ಟೇಲರ್ ಎಂಬುವನು ದೇಶೀಯ ರಾಜರಿಗೆ ಯೂರೋಪಿನ ಮಾದರಿಯ ಲಾಂಛನಗಳನ್ನು ರಚಿಸಿದನು. ಅವನ್ನು ಹೊತ್ತ ಧ್ವಜಗಳನ್ನು ಅವರಿಗೆ ಕೊಡಲಾಯಿತು. ಆದುದರಿಂದ, ಅವಧದಂತಹ ಕೆಲವು ಸಂಸ್ಥಾನಗಳನ್ನು ಬಿಟ್ಟರೆ, ಅರಸನ ಚಿತ್ರದಲ್ಲಿ ಅಂತಹ ಗುರಾಣಿ ಕಂಡಾಗ ಅದು 1877ಕ್ಕಿಂತ ಈಚಿನದಿರಬೇಕೆಂದು ಸಂಶಯಿಸಲು ಕಾರಣವುಂಟು. 1948ರವರೆಗೆ ಬೀದರನ್ನು ಆಳಿದ ನಿಜಾಮರ ಹಳದಿ ಧ್ವಜದ ನಡುವೆ ಇದ್ದುದು ಮಾತ್ರ ಸಿಂಹವೂ ಅಲ್ಲ, ಗರುಡನೂ ಅಲ್ಲ. ಒಂದು ದುಂಡನೆಯ ರೊಟ್ಟಿ. ಸಂತನೊಬ್ಬನು ಕೊಟ್ಟ ಕುಲ್ಚಾ ರೊಟ್ಟಿಗಳಲ್ಲಿ ಏಳನ್ನು ಮೊದಲನೆಯ ನಿಜಾಮನು ತಿಂದನೆಂದೂ ಏಳು ತಲೆಮಾರು ಆಳುವಿರೆಂದು ಅವನು ಹರಸಿದನೆಂದೂ ಐತಿಹ್ಯ.

ಗುರಾಣಿಯೇ ಇಲ್ಲದ ಚಿತ್ರದಲ್ಲಿ ಗುರುತು ಹಿಡಿಯುವುದು ಹೇಗೆ? ಇದಕ್ಕೆ ಮೈಸೂರಿನ ಒಂದು ಉದಾಹರಣೆ ಬಹಳ ಬೆಲೆಯುಳ್ಳದ್ದು. ಶ್ರೀರಂಗಪಟ್ಟಣದ ಪತನದ ಅನಂತರ ಟಿಪ್ಪುವಿನ ಪುತ್ರರ ಚಿತ್ರಗಳನ್ನು ಬರೆದ ಐರಿಷ್ ಚಿತ್ರಕಾರ ಥಾಮಸ್ ಹಿಕಿಯು ಸುಮಾರು 1805ರಲ್ಲಿ ಮೂವರು ಸ್ತ್ರೀಯರನ್ನು ಒಂದೇ ಪಟದಲ್ಲಿ ಬರೆದನು. ಹೆಸರುಗಳು ಮರೆತುಹೋದವು. ಅಂತಃಪುರದ ಸ್ತ್ರೀಯರು ಪರದೇಶದ ಚಿತ್ರಕಾರನ ಎದುರು ನಿಲ್ಲುವುದು ಅಪರೂಪವಾದುದರಿಂದ, ಇವರು ನರ್ತಕಿಯರೋ ಗಣಿಕೆಯರೋ ಇರಬೇಕೆಂದು ಜನ ಭಾವಿಸಿದರು. ಆ ಚಿತ್ರ 2007ರಲ್ಲಿ ಲಂಡನ್ನಿನ ಸೋದಬೀಸ್ ಸಂಸ್ಥೆಯ ಮೂಲಕ ಮಾರಾಟವಾಗುವ ಹೊತ್ತಿಗೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ಮಾತು ಹೇಳಿದರು.

ಅವರು ಓದಿದ್ದು ಆಭರಣವನ್ನು ಮತ್ತು ಉಡುಪನ್ನು. ಚಿನ್ನದ ಬಣ್ಣದ ತೋಳುಗಳೂ ಆ ಬಗೆಯ ಶಿರೋಭೂಷಣವೂ ಒಡೆಯರ ಮನೆತನದ ರಾಣಿಯರಿಗೆ ವಿಶಿಷ್ಟವಾದುವು ಎಂದು ಅವರ ಅಭಿಪ್ರಾಯ. ಗಂಡಭೇರುಂಡವು ಅರಸನ ಧ್ವಜದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಶಿರೋಭೂಷಣ ಮಾಡಿತು. ಆದರೆ ವರಾಹ ಮುದ್ರೆಯ ವಿಷಯದಲ್ಲಿ ಕಂಡ ತೊಡಕು ಇಲ್ಲಿಯೂ ಉಂಟು: ಮನೆತನ ತಿಳಿಯಿತು, ವ್ಯಕ್ತಿ ಯಾರು?

ಉತ್ತರವಿದ್ದುದು ಬಲಗಡೆಯ ಯುವತಿಯ ನಿಲುವಿನಲ್ಲಿ. ಎಡತೋಳನ್ನು ಮುಚ್ಚಬೇಕಾಗಿದ್ದ ಸೀರೆ ಸರಿದಿದೆ. ಆಕೆ ಬಲಗೈಯಿಂದ ಆ ತೋಳನ್ನೇ ತೋರಿಸುತ್ತಿದ್ದಾಳೆ. ಚಾನ್ಸೆಲರ್ ಅವರ ಪ್ರಕಾರ ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯ ಸ್ತ್ರೀಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿನೊಳಗೆ ಊದಿ ರೋಗವನ್ನು ಲಘುವಾಗಿ ಬರಿಸುವ ಹಳೆಯ ಕ್ರಮದ ಗುರುತು ಅದಾಗಿರಬಹುದು. ಆಗ ಅರಮನೆಯಲ್ಲಿದ್ದವನು ಹನ್ನೊಂದರ ವಯಸ್ಸಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ವಿವಾಹದ ಕಾಲವನ್ನು ಅರಮನೆಯ ದಾಖಲೆಗಳೊಡನೆ ಹೋಲಿಸಿದಾಗ ಚಿತ್ರದ ಕಾಲ ಸರಿಹೊಂದಿತು. ಇಬ್ಬರೂ ಅವರ ರಾಣಿಯರು. ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವೆ ನಿಂತವರು ರಾಜರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಇರಬೇಕೆಂದು ಅಭಿಪ್ರಾಯವಿದೆ.

ಎಡ್ವರ್ಡ್ ಜೆನ್ನರನು ಗೋವಿನ ಸಿಡುಬಿನಿಂದ ಲಸಿಕೆಯನ್ನು ಕಂಡುಹಿಡಿದದ್ದು 1796ರಲ್ಲಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲಿಕೆ ಅನ್ನಾ ಡಸ್ಟ್‌ಹಾಲ್‌ಳಿಗೆ ಅದು ಭಾರತದಲ್ಲಿ ಮೊದಲ ಬಾರಿಗೆ ಫಲಿಸಿತು. ಅಲ್ಲಿಂದ ತೋಳಿನಿಂದ ತೋಳಿಗೆ ಅದರ ರಸವನ್ನು ದಾಟಿಸುತ್ತ ದೇಶದೊಳಕ್ಕೆ ಒಯ್ದರು. ಅನ್ಯರ ಮೈಯ ಕೀವು ತಮ್ಮ ಮೈಗೆ ಸೇರುವುದೆಂಬ ಕಾರಣಕ್ಕೆ ಜನ ಹಿಂಜರಿಯುತ್ತಿದ್ದ ಕಾಲವದು. ಹಳೆಯ ಕ್ರಮದ ಸ್ತ್ರೀ ಒಂದು ಕಡೆ, ಹೊಸ ಕ್ರಮದ ಸ್ತ್ರೀ ಇನ್ನೊಂದು ಕಡೆ. ಇಬ್ಬರೂ ಬದುಕಿ ನಿಂತಿದ್ದಾರೆ. ಅಂತಹ ಚಿತ್ರವನ್ನು ಗಣಿಕೆಯರದೆಂದು ಬದಿಗಿಟ್ಟಿದ್ದರೆ ಆ ತೋಳಿನ ಅರ್ಥ ಯಾರಿಗೂ ತಿಳಿಯುತ್ತಿರಲಿಲ್ಲ. 1806ರ ಜುಲೈ ತಿಂಗಳ ಅರಮನೆಯ ದಾಖಲೆಯೊಂದು, ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡದ್ದನ್ನು ಕಂಡು ಇತರರೂ ಮುಂದೆ ಬಂದರೆಂದು ತಿಳಿಸುತ್ತದೆ.